ಕಾರಿನ ನೀರು

ಬಂಗಾರಪೇಟೆಯ ಬಜಾರು ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಹೋದ ವಾರ ಮುಕ್ಕಾಲು ಗಂಟೆ ನಿಂತೆ. ಅಂಗಡಿಯವನು ನನ್ನ ಮುಂದೆ ಮೂರು ಡಬ್ಬ ಸಾಲಾಗಿ ಇಟ್ಟ. ಒಂದು ಹಸಿರು, ಒಂದು ಕೆಂಪು, ಒಂದು ನೀಲಿ. ಮೂರೂ ಎಂಜಿನ್ ಕಾಯದ ಹಾಗೆ ಹಾಕೋ ಕೂಲಂಟೇ, ಮೂರೂ ಒಳ್ಳೇದೇ, ನಿಮಗೆ ಯಾವುದು ಬೇಕು ಹೇಳಿ ಮೇಡಂ ಅಂದ. ಅದು ನನಗೆ ಗೊತ್ತಿದ್ದಿದ್ದರೆ ಅವನ ಮುಂದೆ ಯಾಕೆ ನಿಂತಿರುತ್ತಿದ್ದೆ? ಕಾರು ಹಳೆಯದು, ನನಗಿಂತ ನಾಲ್ಕೈದು ವರ್ಷ ಚಿಕ್ಕದಿರಬಹುದು ಅಷ್ಟೇ, ಎಂಜಿನ್ ಕಾವಿನ ಮುಳ್ಳು ಕೆಂಪಿಗೆ ಹೋಗಿ ಕೂರುತ್ತಿದೆ, ಅಪ್ಪನನ್ನು ಕೂರಿಸಿಕೊಂಡು ಸಂತೆಗೆ ಬರುವಷ್ಟರಲ್ಲಿ ಎರಡು ಸಲ ಹೊಗೆ ಎದ್ದಿತು ಅಂತ ವಿವರಿಸಿದೆ. ಅವನು ಕೇಳುತ್ತಲೇ ಫೋನಿನಲ್ಲಿ ಇನ್ಯಾರಿಗೋ ಕ್ಲಚ್ ವೈರಿನ ವಿಚಾರ ಹೇಳಿ ಮುಗಿಸಿ, ಹಳೇ ಎಂಜಿನ್ನಿಗೆ ಒಳ್ಳೇ ಮಾಲು ಹಾಕಬೇಕು, ಕೆಂಪು ತಗೊಂಡೋಗಿ, ಐದು ವರ್ಷ ತಿರುಗಿ ನೋಡೋ ಹಂಗಿಲ್ಲ ಅಂದ. ತಂಗಿ ಗೀತಾಳಿಗೆ ಮೂರೂ ಡಬ್ಬದ ಫೋಟೋ ಕಳಿಸಿ ಕೇಳಿದೆ. ಅವಳು ಕೋಲಾರದಲ್ಲಿ ಬ್ಯಾಂಕಿನಲ್ಲಿದ್ದಾಳೆ, ಎಲ್ಲದಕ್ಕೂ ಅರ್ಧ ನಿಮಿಷದಲ್ಲಿ ಉತ್ತರ ಕೊಡುತ್ತಾಳೆ. ‘ಯಾವುದಾದರೂ ಹಾಕಿಸೇ ಅಕ್ಕ, ಬರೀ ನೀರು ತಾನೇ’ ಅಂತ ಬಂತು, ಜೊತೆಗೆ ಒಂದು ನಗುವ ಮುಖ. ಬರೀ ನೀರು ತಾನೇ! ಆ ಮೂರು ಪದ ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಬೇರೆ ಯಾರು ಬೇಕಾದರೂ ಆ ಮಾತು ಹೇಳಬಹುದು, ಅವಳು ಹೇಳುವ ಹಾಗಿಲ್ಲ.

ಕೆಂಪು ಡಬ್ಬ ಹೊತ್ತು ಕೆಜಿಎಫ್‌ಗೆ ಬಂದೆ. ನಮ್ಮ ಮೆಕ್ಯಾನಿಕ್ ಸೆಲ್ವಂ ಡಬ್ಬದ ಮುಂಭಾಗ ನೋಡಲೇ ಇಲ್ಲ, ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ ತಲೆ ಅಲ್ಲಾಡಿಸಿದ. ಇದು ಹೊಸ ಗಾಡಿಗೆ ಮಾಡಿದ್ದು, ನಿಮ್ಮದರ ರೇಡಿಯೇಟರು ತಾಮ್ರ ಹಿತ್ತಾಳೆದು, ಸೀಸದ ಬೆಸುಗೆ ಹಾಕಿರೋದು, ಇದು ಅದಕ್ಕೆ ಒಗ್ಗಲ್ಲ ಅಂದ. ಹಾಗಾದರೆ ಹಸಿರು ತರಲಾ ಅಂದರೆ, ಬಣ್ಣ ನಂಬಬೇಡಿ ಅಂದ. ಬಣ್ಣ ಯಾರು ಬೇಕಾದರೂ ಕಲಸುತ್ತಾರಂತೆ. ಹಳೇ ಕಾಲದ, ಎರಡು ವರ್ಷಕ್ಕೊಮ್ಮೆ ಬದಲಾಯಿಸುವ ಜಾತಿಯದು ಬೇಕು, ತಾಮ್ರದ ರೇಡಿಯೇಟರಿಗೆ ಆಗುತ್ತದೆ ಅಂತ ಹಿಂದೆ ಬರೆದಿರಬೇಕು, ಎರಡು ಜಾತಿ ಯಾವತ್ತೂ ಬೆರೆಸಬಾರದು, ಬೆರೆಸಿದರೆ ಒಳಗೆ ಗಂಜಿ ಕಟ್ಟುತ್ತದೆ. ಮತ್ತೆ ಬಂಗಾರಪೇಟೆಗೆ ಹೋಗು, ಮತ್ತೆ ಆ ಅಂಗಡಿಯವನ ಮುಖ ನೋಡು ಅಂತ ನನ್ನಲ್ಲೇ ಗೊಣಗಿಕೊಂಡೆ. ಅಷ್ಟು ಹೇಳಿ ಸೆಲ್ವಂ ಕೈ ಒರೆಸಿಕೊಳ್ಳುತ್ತಾ ಕೇಳಿದ ಪ್ರಶ್ನೆಯೇ ಇದನ್ನೆಲ್ಲ ಬರೆಯುವುದಕ್ಕೆ ಕಾರಣ.

“ಅದಿರ್ಲಿ ಅಕ್ಕಾ, ಇಷ್ಟು ವರ್ಷ ಈ ವಂಡಿಗೆ ಏನು ನೀರು ಹಾಕ್ತಿದ್ರಿ?”

ಏನು ನೀರು ಅಂತ ಹೇಳಲಿ? ನನ್ನ ಬಾಯಿ ತೆರೆದು ತೋರಿಸಿದರೆ ಅರ್ಧ ಉತ್ತರ ಸಿಗುತ್ತಿತ್ತು. ತೋರಿಸಲಿಲ್ಲ. ಐವತ್ತು ದಾಟಿದರೂ ನಾನು ಮಾತಾಡುವಾಗ ಎಡಗೈ ತಾನಾಗಿಯೇ ಬಾಯಿಗೆ ಅಡ್ಡ ಹೋಗುತ್ತದೆ. ನನ್ನ ಮುಂದಿನ ಹಲ್ಲುಗಳು ಕಂದು ಬಣ್ಣದವು, ಅಲ್ಲಲ್ಲಿ ಸುಣ್ಣದ ಚುಕ್ಕೆ, ಅಂಚು ಪುಡಿಪುಡಿ. ಮೂವತ್ತು ವರ್ಷದಿಂದ ಮೇಷ್ಟ್ರ ಕೆಲಸ ಮಾಡುತ್ತಿದ್ದೇನೆ, ಮಹಾ ಸಿಡುಕಿ ಅಂತ ಹೆಸರು ತೆಗೆದುಕೊಂಡಿದ್ದೇನೆ. ಅದಕ್ಕೂ ಇದೇ ಕಾರಣ. ನಗುವುದಕ್ಕಿಂತ ಬೈಯುವುದು ನನಗೆ ಸಲೀಸು, ಬೈಯುವಾಗ ಹಲ್ಲು ಅಷ್ಟು ಕಾಣುವುದಿಲ್ಲ. ಅಪ್ಪನ ಬಾಯಿಂದ ಒಂದೇ ಒಂದು ಸಲ ‘ತಪ್ಪಾಯಿತು ಕಣೇ’ ಅನ್ನಿಸಬೇಕು ಅನ್ನುವುದು ನನ್ನ ಹತ್ತನೇ ವಯಸ್ಸಿನ ಹಟ. ಇವತ್ತಿಗೂ ಅದು ಹಾಗೇ ಇದೆ.

ನಮ್ಮ ಊರು ಕ್ಯಾಸಂಬಳ್ಳಿಯಿಂದ ಎರಡು ಮೈಲಿ. ಮನೆಗೆ ಒಂದು ಜಗಲಿ, ಒಂದು ನಡುಮನೆ, ಹೊಗೆ ಹಿಡಿದ ಅಡುಗೆಮನೆ, ಹಿತ್ತಲಲ್ಲಿ ಎರಡು ಸೀಮೆಹಸುವಿನ ಕೊಟ್ಟಿಗೆ. ಅಪ್ಪ ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ದೊಡ್ಡ ದೊಡ್ಡ ಎಂಜಿನ್ನುಗಳ ತಪಾಸಣೆ ಮಾಡುವ ಕೆಲಸದಲ್ಲಿದ್ದ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಸೈಕಲ್ಲಿನಲ್ಲಿ ಕ್ಯಾಸಂಬಳ್ಳಿಗೆ ಹೋಗಿ, ಅಲ್ಲಿಂದ ಬಸ್ಸು ಹತ್ತುತ್ತಿದ್ದ. ಊರು ಬಿಟ್ಟು ಹೋಗುತ್ತಿದ್ದ ಗಣಿಯ ಆಫೀಸರೊಬ್ಬರ ಹತ್ತಿರ ಅವನು ಆ ಬೆಣ್ಣೆ ಬಣ್ಣದ ಕಾರು ಕೊಂಡಾಗ ನನಗೆ ಏಳು ವರ್ಷ. ಊರಿಗೆಲ್ಲ ಅದೊಂದೇ ಕಾರು. ಫ್ಯಾಕ್ಟರಿಗೆ ಅದನ್ನು ಒಂದು ದಿನವೂ ತೆಗೆದುಕೊಂಡು ಹೋಗಲಿಲ್ಲ, ಧೂಳಾಗುತ್ತದಂತೆ. ನಮ್ಮ ನಡುಮನೆಯ ಹೆಂಚು ಮಳೆಗಾಲದಲ್ಲಿ ಮೂರು ಕಡೆ ಸೋರುತ್ತಿತ್ತು, ಅಜ್ಜಿ ಚಾಪೆ ಎಳೆದುಕೊಂಡು ಒಣ ಜಾಗ ಹುಡುಕುತ್ತಿದ್ದಳು. ಆದರೆ ಕಾರಿಗೆ ಹೊಸ ತಗಡಿನ ಶೆಡ್ಡು ಬಂತು. ಆ ತಗಡಿನ ಮೇಲೆ ಬಿದ್ದ ಮಳೆನೀರನ್ನು ಹಿಡಿಯುವುದಕ್ಕೆ ಅಂಚಿಗೆ ಅರ್ಧ ಸೀಳಿದ ಪೈಪು, ಪೈಪಿನ ತುದಿಗೆ ಬಿಳೀ ಪಂಚೆಯ ತುಂಡು, ಅದರ ಕೆಳಗೆ ಹಸಿರು ಬಣ್ಣ ಬಳಿದ ಡ್ರಮ್ಮು. ಡ್ರಮ್ಮಿನ ಮುಚ್ಚಳಕ್ಕೆ ಬೀಗ. ಬೀಗದ ಕೈ ಅಪ್ಪನ ಉಡಿದಾರದಲ್ಲಿ. ಅದು ಕಾರಿನ ನೀರು. ನಾವು ಯಾರೂ ಮುಟ್ಟುವ ಹಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ದೇವರ ಪೂಜೆಗಿಂತ ಮುಂಚೆ ಕಾರಿನ ಪೂಜೆ ನಡೆಯುತ್ತಿತ್ತು. ಅಪ್ಪ ಸ್ನಾನ ಮಾಡಿ, ಒದ್ದೆ ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳ ಬಿಚ್ಚುವನು. ಡ್ರಮ್ಮಿನ ಬೀಗ ತೆಗೆದು, ಬಿದಿರಿನ ಕಡ್ಡಿ ಇಳಿಬಿಟ್ಟು, ನೀರು ಎಷ್ಟಿದೆ ಅಂತ ನೋಡಿ ಕಡ್ಡಿಗೆ ಸೀಮೆಸುಣ್ಣದಲ್ಲಿ ಗೀಟು ಹಾಕುವನು. ನಾನು ಎರಡೂ ಕೈಯಲ್ಲಿ ಸೋಸುವ ಬಟ್ಟೆ ಹಿಡಿದು ನಿಲ್ಲಬೇಕು, ಅಮ್ಮ ಹಿತ್ತಾಳೆ ಚೊಂಬು ಕೊಡಬೇಕು, ಅಪ್ಪ ಬಟ್ಟೆಯ ಮೇಲೆ ನಿಧಾನವಾಗಿ ಬಗ್ಗಿಸಬೇಕು. ಒಂದು ಹನಿ ಹೊರಗೆ ಬಿದ್ದರೂ ಬೈಗುಳ. ಫ್ಯಾಕ್ಟರಿಯಲ್ಲಿ ಎಂಜಿನ್ನಿಗೆ ಹಾಕುವ ಹಸಿರು ಕೂಲಂಟು ಡ್ರಮ್ಮುಗಟ್ಟಲೆ ಇರುತ್ತಿತ್ತಂತೆ. ಅವನ ಜೊತೆಯವರು ಕೆಲವರು ಊಟದ ಬುತ್ತಿಯ ಬಾಟಲಿಯಲ್ಲಿ ತುಂಬಿಕೊಂಡು ಮನೆಗೆ ತರುತ್ತಿದ್ದರು. ಅಪ್ಪ ಮಾತ್ರ ಫ್ಯಾಕ್ಟರಿಯ ಒಂದು ಮೊಳೆಯನ್ನೂ ತಂದವನಲ್ಲ. ಅದಕ್ಕೆ ನನಗೆ ಹೆಮ್ಮೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಂಗಡಿಯಲ್ಲಿ ಕೊಂಡು ಹಾಕಬಹುದಿತ್ತಲ್ಲ? ಕೊಳ್ಳುವುದಿಲ್ಲ. ನೀರು ಚೆನ್ನಾಗಿದ್ದರೆ ಕೂಲಂಟು ಗೀಲಂಟು ಯಾಕೆ, ಮಳೆನೀರಿಗಿಂತ ಶುದ್ಧ ನೀರು ಇನ್ನೊಂದಿಲ್ಲ ಅನ್ನುವುದು ಅವನ ವಾದ. ಆಯುಧಪೂಜೆಯ ದಿನ ಕಾರಿಗೆ ಹಚ್ಚಿದ ಹಾಗೆ ಆ ಡ್ರಮ್ಮಿಗೂ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ.

ನಾವು ಕುಡಿಯುತ್ತಿದ್ದದ್ದು ಬೋರಿನ ನೀರು. ಹಳೇ ಬಾವಿ ಬತ್ತಿದ ಮೇಲೆ ಊರ ಮುಂದೆ ಕೈಪಂಪು ಹಾಕಿದ್ದರು. ಅದರ ನೀರು ನೋಡುವುದಕ್ಕೆ ಕನ್ನಡಿ, ಕುಡಿದರೆ ನಾಲಿಗೆಗೆ ಒಂಥರ ಒಗರು. ಸೋಪು ಉಜ್ಜಿದರೆ ನೊರೆ ಬರುತ್ತಿರಲಿಲ್ಲ, ಒಡೆದ ಹಾಲಿನ ಹಾಗೆ ತರಿತರಿಯಾಗುತ್ತಿತ್ತು. ಬಚ್ಚಲ ಹಂಡೆಯ ಒಳಗೆ ಬೆರಳು ದಪ್ಪ ಸುಣ್ಣ ಕಟ್ಟಿತ್ತು. ಅಮ್ಮನಿಗೆ ದೊಡ್ಡ ತಲೆನೋವು ಬೇಳೆಯದು. ಆ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುತ್ತಿರಲಿಲ್ಲ, ಸಾರಿನ ತಳದಲ್ಲಿ ಕಲ್ಲಿನ ಹಾಗೆ ಕೂರುತ್ತಿತ್ತು. ಅಪ್ಪ ಮುದ್ದೆ ಮುರಿದು ಅದ್ದುವಾಗ ಬೇಳೆ ಹಲ್ಲಿಗೆ ಸಿಕ್ಕಿದರೆ, ತಟ್ಟೆ ಮುಂದಕ್ಕೆ ತಳ್ಳಿ, ಒಂದು ಬೇಳೆ ಬೇಯಿಸೋಕೆ ಬರಲ್ವಾ ಅನ್ನುವನು. ಅಮ್ಮ ಆಗ ಒಲೆಯ ಕಡೆಗೆ ತಿರುಗಿಕೊಂಡೇ, ಡ್ರಮ್ಮಿನ ನೀರು ಒಂದು ಚೊಂಬು ಕೊಟ್ಟು ನೋಡಿ ಬೇಯುತ್ತೋ ಇಲ್ಲವೋ ಅನ್ನುವಳು. ಅಪ್ಪ ಎದ್ದು ಕೈ ತೊಳೆಯುತ್ತಿದ್ದ, ಅಮ್ಮ ಅವನ ತಟ್ಟೆಯಲ್ಲಿ ಉಳಿದದ್ದನ್ನು ತಾನು ಹಾಕಿಕೊಂಡು ಉಣ್ಣುತ್ತಿದ್ದಳು.

ನನ್ನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗಲೇ ಬಣ್ಣ ಕಟ್ಟಿಕೊಂಡು ಬಂದವು. ಊರಿನ ಮಕ್ಕಳಿಗೆಲ್ಲ ಹೆಚ್ಚುಕಡಿಮೆ ಹಾಗೇ ಇದ್ದವು, ಆದ್ದರಿಂದ ಅದು ರೋಗ ಅಂತ ಯಾರಿಗೂ ಅನ್ನಿಸಲಿಲ್ಲ. ನೇರಳೆಹಣ್ಣು ತಿಂದು ಬಾಯಿ ಮುಕ್ಕಳಿಸಲ್ಲ, ಅದಕ್ಕೇ ಅಂತ ಅಜ್ಜಿ ಗದರುತ್ತಿದ್ದಳು. ಅಪ್ಪ ಇದ್ದಿಲು ಕುಟ್ಟಿ ಉಪ್ಪು ಬೆರೆಸಿ ಕೊಟ್ಟ, ನಾನು ವಸಡಿನಲ್ಲಿ ರಕ್ತ ಬರುವ ತನಕ ಉಜ್ಜಿದೆ. ಏನೂ ಆಗಲಿಲ್ಲ. ಐದನೇ ಕ್ಲಾಸಿಗೆ ಕ್ಯಾಸಂಬಳ್ಳಿಯ ಶಾಲೆಗೆ ಸೇರಿದೆ. ಅಲ್ಲಿ ಕೆಜಿಎಫ್ ಕಡೆಯಿಂದ ಬಂದ ಇಬ್ಬರು ಮೂವರು ಹುಡುಗಿಯರ ಹಲ್ಲು ಬೆಳ್ಳಗಿತ್ತು. ಅವರು ನನಗೆ ‘ತುಕ್ಕು’ ಅಂತ ಹೆಸರಿಟ್ಟರು. ತುಕ್ಕು ಬಂದಳು, ತುಕ್ಕು ಪಕ್ಕ ಕೂರಬೇಡ. ಅದೇ ವರ್ಷ ಸರ್ಕಾರದ ಹಲ್ಲಿನ ಡಾಕ್ಟರಮ್ಮ ಶಾಲೆಗೆ ಬಂದರು. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಇದು ಉಜ್ಜಿದರೆ ಹೋಗೋದಲ್ಲ, ನೀರಿನಲ್ಲಿರೋ ಫ್ಲೋರೈಡಿನಿಂದ ಬಂದಿರೋದು ಅಂದರು. ಆಮೇಲೆ ಅವರು ಹೇಳಿದ ಮಾತು ನನಗೆ ಅಕ್ಷರ ಬಿಡದ ಹಾಗೆ ನೆನಪಿದೆ.

“ನಿನಗೆ ಇನ್ನು ತಡ ಆಯ್ತಮ್ಮ. ಮನೇಲಿ ಚಿಕ್ಕ ಪಾಪು ಇದ್ರೆ, ಅದಕ್ಕೆ ಬೋರಿನ ನೀರು ಕೊಡಬೇಡಿ ಅಂತ ಅಮ್ಮನಿಗೆ ಹೇಳು. ಮಳೆನೀರು ಹಿಡಿದು, ಕಾಯಿಸಿ ಆರಿಸಿ ಕೊಡಲಿ.”

ಮನೆಯಲ್ಲಿ ಚಿಕ್ಕ ಪಾಪು ಇತ್ತು. ಗೀತಾ ಹುಟ್ಟಿ ಎಂಟು ತಿಂಗಳು. ಬಟ್ಟೆಚೀಲ ಎದೆಗೆ ಅವುಚಿಕೊಂಡು ಎರಡು ಮೈಲಿ ಓಡಿ ಬಂದು ಹೇಳಿದೆ. ಅಜ್ಜಿ ಹೌಹಾರಿದಳು. ಹಸುಗೂಸಿಗೆ ಮಳೆನೀರಾ, ಶೀತವಾಗಿ ಎದೆ ಕಟ್ಟಿಕೊಳ್ಳುತ್ತದೆ, ಅದರಲ್ಲಿ ಏನು ಸತ್ವ ಇದೆ, ಆಕಾಶದ ನೀರು ಮಣ್ಣಿಗೆ ಇಳಿದು ಬಂದರೇನೇ ಕುಡಿಯೋದು ಅಂದಳು. ನಮ್ಮ ಕಡೆ ಎಲ್ಲರೂ ಹಾಗೇ ನಂಬಿದ್ದರು, ಅಜ್ಜಿಯೊಬ್ಬಳನ್ನು ಅಂದು ಪ್ರಯೋಜನವಿಲ್ಲ. ಆದರೆ ಓದಿದವನು, ಎಂಜಿನ್ನಿಗೆ ಯಾವ ನೀರು ಒಳ್ಳೆಯದು ಅಂತ ತಿಳಿದವನು, ಅಪ್ಪ ಏನಂದ? ಅಪ್ಪ ಶರಟು ಬಿಚ್ಚಿ ಗೂಟಕ್ಕೆ ಹಾಕುತ್ತಾ, ತಗಡಿನ ಮೇಲೆ ಪಾರಿವಾಳ ಹೇಲುತ್ತೆ, ಅದನ್ನ ಮಗೂಗೆ ಕುಡಿಸ್ತಾರಾ, ಊರಲ್ಲಿ ಎಲ್ಲರೂ ಬೋರಿನ ನೀರು ಕುಡಿದು ಬದುಕಿಲ್ವಾ ಅಂದ. ನಾನು ಬಾಯಿ ಅಗಲಿಸಿ ಅವನ ಮುಂದೆ ನಿಂತೆ, ನೋಡಲಿ ಅಂತ. ಅವನು ನನ್ನ ತಲೆ ಸವರಿ ಸೈಕಲ್ಲಿಗೆ ಗಾಳಿ ಹಾಕಲು ಹೋದ. ಆ ಸವರುವಿಕೆ ಇವತ್ತಿಗೂ ನನಗೆ ಕೋಪ ಬರಿಸುತ್ತದೆ. ಹೊಡೆದಿದ್ದರೆ ಮರೆಯುತ್ತಿದ್ದೆನೋ ಏನೋ.

ಅಮ್ಮ ಜಗಳವಾಡಲಿಲ್ಲ. ಮಾರನೇ ದಿನ ಅಪ್ಪ ಬಸ್ಸಿಗೆ ಹೋದ ಮೇಲೆ, ಅಜ್ಜಿ ಹಸು ಹೊಡೆದುಕೊಂಡು ಹೊಲಕ್ಕೆ ಹೋದ ಮೇಲೆ, ನನ್ನನ್ನು ಶೆಡ್ಡಿನ ಹಿಂದೆ ಕರೆದಳು. ಬೀಗ ಇದ್ದದ್ದು ಮುಚ್ಚಳಕ್ಕೆ. ಡ್ರಮ್ಮು ತೊಳೆಯುವುದಕ್ಕೆ ಅಂತ ಅಪ್ಪನೇ ತಳದಲ್ಲಿ ಒಂದು ನಲ್ಲಿ ಕೂರಿಸಿದ್ದ, ಅದಕ್ಕೆ ಬೀಗ ಇರಲಿಲ್ಲ. ಅಮ್ಮ ಆ ನಲ್ಲಿಯಿಂದ ಒಂದು ಚೊಂಬು ಹಿಡಿದಳು. ಆದರೆ ಭಾನುವಾರ ಬಿದಿರಿನ ಕಡ್ಡಿ ಇಳಿಯುತ್ತದೆ, ಗೀಟು ಕೆಳಗೆ ಹೋದರೆ ಗೊತ್ತಾಗುತ್ತದೆ. ಅದಕ್ಕೂ ಅವಳು ದಾರಿ ಹುಡುಕಿದ್ದಳು. ಪೈಪಿನ ತುದಿಯ ಪಂಚೆ ಬಟ್ಟೆ ಸರಿಸಿ, ತೆಗೆದಷ್ಟೇ ಬೋರಿನ ನೀರನ್ನು ಮೇಲಿನಿಂದ ಬಗ್ಗಿಸಿದಳು. ತೆಗೆದದ್ದನ್ನು ಸೋಸಿ, ಕಾಯಿಸಿ, ಒಂದು ತಾಮ್ರದ ತಂಬಿಗೆಯಲ್ಲಿ ಹಾಕಿ ರಾಗಿ ಡಬ್ಬದ ಹಿಂದೆ ಇಟ್ಟಳು. ಆಮೇಲಾಮೇಲೆ ಮಳೆ ಬಂದಾಗಲೆಲ್ಲ, ಡ್ರಮ್ಮಿನಲ್ಲಿ ಬೆರೆಯುವ ಮುಂಚೆಯೇ ಪೈಪಿನ ಬಾಯಿಗೆ ಕೊಡ ಒಡ್ಡಿ ಹಿಡಿದಿಟ್ಟು, ಅಷ್ಟೇ ಬೋರಿನ ನೀರನ್ನು ಡ್ರಮ್ಮಿಗೆ ಸೇರಿಸುತ್ತಿದ್ದಳು. ಗೀತಾಳಿಗೆ ಗಂಜಿ ಅದರಲ್ಲೇ, ಕುಡಿಯಲು ಅದೇ. ಅಜ್ಜಿ ಕೇಳಿದರೆ ಕಾಯಿಸಿ ಆರಿಸಿದ ನೀರು ಅತ್ತೆ ಅನ್ನುವಳು, ಅದು ಸುಳ್ಳೂ ಅಲ್ಲ. ಅಮ್ಮ ಸಂಜೆಯ ಹಾಲು ಕೊಡಲು ಡೈರಿಗೆ ಹೋಗುವ ದಿನಗಳಲ್ಲಿ ಈ ಕೆಲಸ ನನ್ನದು. ಮೊದಲನೇ ದಿನವೇ ನಾನು ತಂಬಿಗೆ ಎತ್ತಿ ಬಾಯಿಗೆ ಹಿಡಿದೆ. ಅಮ್ಮ ಕೈ ತಡೆದಳು.

“ಬ್ಯಾಡ ಕಣಮ್ಮ. ಡ್ರಮ್ಮಿಂದ ಜಾಸ್ತಿ ತೆಗೆದ್ರೆ ಸಿಕ್ಕಾಕ್ಕೊಂತೀವಿ. ನಿಂದು ಆಗೋಯ್ತು. ಇದು ಅವಳಿಗಿರ್ಲಿ.”

ನಿಂದು ಆಗೋಯ್ತು. ಹತ್ತು ವರ್ಷದವಳಿಗೆ ಹೇಳುವ ಮಾತೇ ಅದು? ಅಮ್ಮನ ಕಣ್ಣಲ್ಲಿ ನೀರಿತ್ತು, ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಆದರೂ ಐದು ವರ್ಷ ನಾನು ಆ ನೀರು ಹಿಡಿದೆ, ಸೋಸಿದೆ, ಕಾಯಿಸಿದೆ, ಗೀತಾಳ ಬಾಯಿಗೆ ಲೋಟ ಹಿಡಿದೆ, ಒಂದು ಗುಟುಕು ಕುಡಿಯಲಿಲ್ಲ. ಕುಡಿದಿದ್ದರೆ ಅಮ್ಮನಿಗೆ ಗೊತ್ತೂ ಆಗುತ್ತಿರಲಿಲ್ಲ. ಮೊದಲು ಅಮ್ಮನ ಮಾತಿಗೆ ಕಟ್ಟುಬಿದ್ದು ಬಿಟ್ಟೆ, ಆಮೇಲೆ ಹಟ ಹಿಡಿದು ಬಿಟ್ಟೆ. ಬೇಡ ಅಂದಿರಲ್ಲ, ಇನ್ನು ಕೊಟ್ಟರೂ ಮುಟ್ಟಲ್ಲ ಅನ್ನುವ ಹಟ. ನನ್ನ ಸ್ವಭಾವ ಹೀಗೆ ಗಂಟು ಹಾಕಿಕೊಂಡದ್ದು ಆ ಶೆಡ್ಡಿನ ಹಿಂದೆಯೇ ಅಂತ ಕಾಣುತ್ತದೆ. ಭಾನುವಾರ ಬೆಳಿಗ್ಗೆ ಅಪ್ಪ ನೀರು ಬಗ್ಗಿಸುವಾಗ ಬಟ್ಟೆ ಹಿಡಿದು ನಿಂತು, ಬಗ್ಗಿಸು, ಅದು ನಿನ್ನ ಮಳೆನೀರಲ್ಲ, ನಾವು ಕುಡಿಯೋ ನೀರೇ, ನಿನ್ನ ಕಾರೂ ಕುಡಿಯಲಿ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಅಷ್ಟು ಖುಷಿ ನನಗೆ ಇನ್ನಾವುದರಲ್ಲೂ ಇರಲಿಲ್ಲ.

ನನಗೆ ಹದಿನೈದಾಗಿದ್ದಾಗ ಬೆಂಗಳೂರಿನಲ್ಲಿ ಸೋದರಮಾವನ ಮದುವೆ. ಬಂಗಾರಪೇಟೆಯ ತನಕ ಕಾರು, ಅಲ್ಲಿಂದ ರೈಲು ಅಂತ ತೀರ್ಮಾನವಾಯಿತು. ಅಮ್ಮ ರೇಷ್ಮೆ ಸೀರೆ ಉಟ್ಟು, ತಮ್ಮನಿಗೆ ಕೊಡುವ ಉಡುಗೊರೆಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಗೀತಾ ನನ್ನ ಪಕ್ಕ. ಬಂಗಾರಪೇಟೆಯ ರೈಲ್ವೆ ಗೇಟು ಇನ್ನೇನು ಕಂಡಿತು ಅನ್ನುವಾಗ ಬಾನೆಟ್ಟಿನಿಂದ ಹಬೆ ಎದ್ದಿತು. ಅಪ್ಪ ಇಳಿದು, ಆರುವ ತನಕ ಕಾದು, ಮುಚ್ಚಳ ಬಿಚ್ಚಿದ. ಒಳಗೆ ಬೆರಳು ಹಾಕಿ ತೆಗೆದಾಗ ಬೆರಳ ತುದಿಯಲ್ಲಿ ಬೆಳ್ಳಗೆ ಸುಣ್ಣ. ಅದನ್ನು ಉಗುರಲ್ಲಿ ಕೆರೆದು ನೋಡಿದ, ನಾಲಿಗೆಗೆ ಹಚ್ಚಿ ನೋಡಿದ. ಮಳೆನೀರು ಸುಣ್ಣ ಕಟ್ಟುವುದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೇಟು ತೆರೆದು, ಮುಚ್ಚಿ, ನಾವು ಹತ್ತಬೇಕಾದ ರೈಲು ನಮ್ಮ ಕಣ್ಣ ಮುಂದೆಯೇ ಹೋಯಿತು. ಅಮ್ಮ ತನ್ನ ತಮ್ಮನ ಮದುವೆಯನ್ನು ನೋಡಲೇ ಇಲ್ಲ. ಗೊತ್ತಿದ್ದವರೊಬ್ಬರ ಟ್ರಾಕ್ಟರಿಗೆ ಹಗ್ಗ ಕಟ್ಟಿ ಕಾರು ಎಳೆಸಿಕೊಂಡು ಊರಿಗೆ ಬಂದೆವು.

ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಎರಡು ಬೋಗುಣಿ. ಒಂದರಲ್ಲಿ ಬೋರಿನ ನೀರು, ಒಂದರಲ್ಲಿ ಡ್ರಮ್ಮಿನ ನೀರು. ಅಪ್ಪ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಸೋಪು ತೆಗೆದುಕೊಂಡು ಮೊದಲನೆಯದರಲ್ಲಿ ಉಜ್ಜಿದ. ಒಡೆದ ಹಾಲು. ಎರಡನೆಯದರಲ್ಲಿ ಉಜ್ಜಿದ. ಅಲ್ಲೂ ಒಡೆದ ಹಾಲು. ಫ್ಯಾಕ್ಟರಿಯಲ್ಲಿ ತಪ್ಪು ಹಿಡಿದಾಗ ಅವನು ಹೀಗೇ ನಿಲ್ಲುತ್ತಿದ್ದನೇನೋ, ಕೂಗಾಡದೆ, ಒದ್ದೆ ಕೈ ಮುಂದೆ ಚಾಚಿಕೊಂಡು. ಯಾರು ಅಂತ ಕೇಳಿದ. ಅಜ್ಜಿಗೆ ಏನೂ ಅರ್ಥವಾಗಲಿಲ್ಲ. ನಾನು ‘ನಾನೇ’ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮುಂದೆ ಬಂದಳು. ಗೀತಾಳಿಗೆ ಆಗಷ್ಟೇ ಮುಂದಿನ ಎರಡು ಹೊಸ ಹಲ್ಲು ಅರ್ಧ ಹೊರಟಿದ್ದವು. ಅಮ್ಮ ಅವಳ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದಳು. ಎರಡೂ ಹಾಲಿನಷ್ಟು ಬೆಳ್ಳಗೆ.

“ನಾನೇ ತೆಗೆದಿದ್ದು. ಐದು ವರ್ಷದಿಂದ ತೆಗೀತಾ ಇವ್ನಿ. ಇವಳ ಬಾಯಿ ನೋಡಿ. ದೊಡ್ಡವಳ ಬಾಯೂ ನೋಡಿ. ಆಮ್ಯಾಕೆ ನಿಮ್ಮ ಕಾರಿನ ಬಾಯಿ ನೋಡ್ಕೊಳ್ಳೋರಂತೆ.”

ಆಮೇಲೆ ನನ್ನ ಕಡೆ ತಿರುಗಿ, ಬಾಯಿ ತೆಗಿಯೇ ಅಂದಳು. ನಾನು ತೆಗೆಯಲಿಲ್ಲ. ಇದನ್ನು ನಾನು ಬಹಳ ವರ್ಷ ಬೇರೆ ಥರ ಹೇಳಿಕೊಂಡು ಬಂದಿದ್ದೇನೆ, ಅಪ್ಪ ನನ್ನ ಬಾಯಿ ನೋಡಲೇ ಇಲ್ಲ ಅಂತ. ನಿಜ ಏನೆಂದರೆ ಅವತ್ತು ಅವನು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ, ನಾನೇ ತುಟಿ ಬಿಗಿದುಕೊಂಡು ನಿಂತೆ. ಹತ್ತು ವರ್ಷದವಳಾಗಿದ್ದಾಗ ಬಾಯಿ ಅಗಲಿಸಿ ನಿಂತಿದ್ದೆನಲ್ಲ, ಆಗ ನೋಡಬೇಕಿತ್ತು. ಅಪ್ಪ ಉಡಿದಾರದಿಂದ ಬೀಗದ ಕೈ ಬಿಚ್ಚಿ ಡ್ರಮ್ಮಿನ ಮುಚ್ಚಳದ ಮೇಲೆ ಇಟ್ಟ. ಬೋಗುಣಿಯ ನೀರನ್ನು ಕರಿಬೇವಿನ ಗಿಡಕ್ಕೆ ಚೆಲ್ಲಿ, ಅಂಗಿ ಹಾಕಿಕೊಂಡು ಬಸ್ಸಿಗೆ ಹೋದ. ಡ್ರಮ್ಮು ಖಾಲಿ ಮಾಡಿ ಹೊಸ ಮಳೆ ತುಂಬಿದ ಮೇಲೆ ಅದರ ನೀರು ಮನೆಗೆ ಬಂತು. ತಗಡನ್ನು ಮಳೆಗಾಲಕ್ಕೆ ಮುಂಚೆ ಅವನೇ ಹತ್ತಿ ಉಜ್ಜಿ ತೊಳೆಯುತ್ತಿದ್ದ. ಬೇಳೆ ಬೆಂದಿತು, ಅಜ್ಜಿ ಕೂಡ ಗೊಣಗುತ್ತಲೇ ಕುಡಿದಳು. ಕಾರಿಗೆ ಬೋರಿನ ನೀರನ್ನೇ ಕಾಯಿಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿ ಬಸಿದು ಹಾಕತೊಡಗಿದ. ಆದರೆ ತಪ್ಪಾಯಿತು ಅಂತ ಅಮ್ಮನಿಗೂ ಅನ್ನಲಿಲ್ಲ, ನನಗೂ ಅನ್ನಲಿಲ್ಲ. ನಾನೂ ಆ ನೀರು ಮುಟ್ಟಲಿಲ್ಲ. ಊಟಕ್ಕೆ ಕೂತಾಗ ಅಪ್ಪ ಡ್ರಮ್ಮಿನ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸುವನು, ನಾನು ಎದ್ದು ಹೋಗಿ ಬೋರಿನ ನೀರಿನ ಕೊಡದಿಂದ ಬಗ್ಗಿಸಿಕೊಳ್ಳುವೆ. ಮದುವೆಯಾಗಿ ಆ ಮನೆ ಬಿಡುವ ತನಕ ಹಾಗೇ ನಡೆಯಿತು.

ಅಮ್ಮ ಹೋದ ಮೇಲೆ ಅಪ್ಪ ಕೆಜಿಎಫ್‌ನ ನನ್ನ ಮನೆಗೆ ಬಂದ, ಕಾರಿನ ಸಮೇತ, ಡ್ರಮ್ಮಿನ ಸಮೇತ. ಹಟ ಮಾಡಿ ನಮ್ಮ ತಾರಸಿಯ ಪೈಪಿನ ಕೆಳಗೆ ಅದನ್ನು ಕೂರಿಸಿದ. ಪಂಚೆಯ ತುಂಡು, ಬೀಗ, ಎಲ್ಲಾ ಯಥಾಪ್ರಕಾರ. ಬೀಗದ ಕೈ ಮಾತ್ರ ಮುಚ್ಚಳದ ಮೇಲೇ ಇರುತ್ತದೆ. ಕಾರಿಗೆ ಅಂತ ಇಟ್ಟಿದ್ದಾನೆ, ಮುದುಕನ ಖಯಾಲಿ ಅಂತ ನಾನು ಅತ್ತ ತಲೆ ಹಾಕಿರಲಿಲ್ಲ. ಎರಡನೇ ಸಲ ಬಂಗಾರಪೇಟೆಗೆ ಹೋಗಿ, ಆ ಅಂಗಡಿಯವನ ಹತ್ತಿರ ವಾದ ಮಾಡಿ, ಡಬ್ಬದ ಹಿಂದಿನ ಅಕ್ಷರ ಕನ್ನಡಕ ಹಾಕಿ ಓದಿ, ಸರಿಯಾದ ಹಸಿರು ಕೂಲಂಟು ತಂದೆ. ಸೆಲ್ವಂ ಮನೆಗೇ ಬಂದು ಎಂಜಿನ್ನಿನ ನೀರೆಲ್ಲ ಹೊರಗೆ ಬಿಟ್ಟ. ಟೀ ಬಣ್ಣದ ನೀರು, ಅದರ ಹಿಂದೆಯೇ ಸುಣ್ಣದ ಹಕ್ಕಳೆ, ತುಕ್ಕಿನ ಚೂರು. ಅಪ್ಪ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದ. ನಾನು ಬೇಕಂತಲೇ ಗಟ್ಟಿಯಾಗಿ, ಮಳೆನೀರು ಹಾಕಿದ್ರೆ ತುಕ್ಕು ಹಿಡಿಯಲ್ಲ ಅಲ್ವಾ ಸೆಲ್ವಂ ಅಂತ ಕೇಳಿದೆ. ಮಳೆನೀರು ಸುಣ್ಣ ಕಟ್ಟಲ್ಲ ಅಷ್ಟೇ, ಬರೀ ನೀರು ಯಾವುದಾದರೂ ಕಬ್ಬಿಣ ತಿನ್ನುತ್ತೆ ಅಕ್ಕಾ, ತುಕ್ಕಿಗೆ ಮದ್ದು ಇರೋದು ಕೂಲಂಟಿನಲ್ಲಿ ಅಂದ. ಅಂದರೆ ಆ ಕಾರಿಗೂ ಅದು ಒಳ್ಳೆಯದಾಗಿರಲಿಲ್ಲ! ನಮಗೆ ಕೊಡದೆ ಬೀಗ ಹಾಕಿ ಕುಡಿಸಿದ್ದಕ್ಕೆ ಎಂಜಿನ್ನಿಗೆ ಸಿಕ್ಕಿದ್ದು ತುಕ್ಕು. ಗೆದ್ದೆ ಅಂತ ಅಪ್ಪನ ಮುಖ ನೋಡಿದೆ. ಅವನು ತಲೆ ತಗ್ಗಿಸಿ ಆ ಕಂದು ನೀರನ್ನೇ ನೋಡುತ್ತಿದ್ದ. ಗೆದ್ದ ಖುಷಿ ಅರ್ಧ ನಿಮಿಷವೂ ಉಳಿಯಲಿಲ್ಲ.

ಕೂಲಂಟು ಬೆರೆಸಲು ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ವಾಟರ್ ಬೇಕು, ಇಲ್ಲದಿದ್ದರೆ ಸದ್ಯಕ್ಕೆ ಡ್ರಮ್ಮಿನ ಮಳೆನೀರಾದರೂ ನಡೆಯುತ್ತೆ ಅಂದ ಸೆಲ್ವಂ. ಮೂರನೇ ಸಲ ಅಂಗಡಿ ಅಲೆಯುವ ತಾಳ್ಮೆ ನನಗಿರಲಿಲ್ಲ. ಬಕೆಟ್ಟು ಎತ್ತಿಕೊಂಡು ಡ್ರಮ್ಮಿನ ಕಡೆ ಹೊರಟೆ.

“ಅದು ಬ್ಯಾಡ,” ಅಂದ ಅಪ್ಪ. “ಅಂಗಡೀಲಿ ತಗೊಂಬಾ. ಅದು ಮಕ್ಕಳ ನೀರು.”

ಸಿಟ್ಟು ನ್ಯಾಯವಾಗಿಯೇ ಬಂತು. ಯಾವ ಮಕ್ಕಳು, ಈ ಮನೆಯಲ್ಲಿ ಮಕ್ಕಳು ಎಲ್ಲಿದ್ದಾರೆ, ಗೀತಾ ಕೋಲಾರದಲ್ಲಿದ್ದಾಳೆ, ನನಗೆ ಐವತ್ತು ದಾಟಿತು, ಯಾರಿಗೆ ಅಂತ ಇದನ್ನು ತುಂಬಿಸಿ ಇಡ್ತೀಯ ಅಂತ ರೇಗಿದೆ. ಬಾಯಿಗೆ ಕೈ ಅಡ್ಡ ಇಡುವುದನ್ನೂ ಮರೆತಿದ್ದೆ. ಅಪ್ಪ ನನ್ನ ಬಾಯಿಯ ಕಡೆಗೇ ನೋಡುತ್ತಾ ಕೂತಿದ್ದ, ನಾನು ಮಾತು ಮುಗಿಸುವ ತನಕ.

“ಎಲ್ರೂ ಕುಡಿದ್ರು,” ಅಂದ. “ನಿಮ್ಮಮ್ಮ ಕುಡಿದ್ಲು, ಅಜ್ಜಿ ಕುಡಿದ್ಲು. ನೀನೊಬ್ಳು ಕುಡೀಲಿಲ್ಲ. ಅದ್ಕೇ ತುಂಬಿಸ್ತಾ ಇವ್ನಿ.”

ತಪ್ಪಾಯಿತು ಅನ್ನಲಿಲ್ಲ. ಅವನು ಅನ್ನುವುದೂ ಇಲ್ಲ, ಇಷ್ಟು ವರ್ಷ ಅದಕ್ಕೆ ಕಾದದ್ದು ನನ್ನ ಮೂರ್ಖತನ. ಸೆಲ್ವಂ ಕೈಯಲ್ಲಿ ಸ್ಪಾನರು ಹಿಡಿದು ನಿಂತವನು, ನಾನೇ ಹೋಗಿ ಡಿಸ್ಟಿಲ್ಡ್ ವಾಟರ್ ತರ್ತೀನಿ ಬಿಡಿ ಅಕ್ಕಾ ಅಂತ ಬೈಕು ಹತ್ತಿದ. ನಾನು ಬಕೆಟ್ಟು ಕೆಳಗಿಟ್ಟು, ಅಡುಗೆಮನೆಯಿಂದ ಒಂದು ಲೋಟ ತಂದು, ಡ್ರಮ್ಮಿನ ನಲ್ಲಿಯಲ್ಲಿ ಹಿಡಿದು, ಅಲ್ಲೇ ನಿಂತು ಕುಡಿದೆ. ಏನೂ ರುಚಿ ಇಲ್ಲ. ಇದಕ್ಕೋಸ್ಕರ ಅಮ್ಮ ಐದು ವರ್ಷ ಕದ್ದಳು, ಇದಕ್ಕೋಸ್ಕರ ನಾನು ಮೂವತ್ತೈದು ವರ್ಷದ ಮೇಲೆ ಹಲ್ಲು ಕಚ್ಚಿಕೊಂಡು ಕೂತೆ. ಎಂಗೈತೆ ಅಂತ ಅಪ್ಪ ಕುರ್ಚಿಯಿಂದ ಕೇಳಿದ. ಸಪ್ಪೆ ಅಂದೆ. ಮಳೆನೀರು ಸಪ್ಪೇನೇ ಇರೋದು ಅಂದ. ಇನ್ನೊಂದು ಲೋಟ ಹಿಡಿದುಕೊಂಡು ಕುಡಿದೆ.